ಆನುವಂಶಿಕ ಮೆದುಳಿನ ರೋಗಗಳೂ ಮಜ್ಜೆಯ ಚಿಕಿತ್ಸೆಯೂ: ದಾವಣಗೆರೆ ಸೀಮೆಯ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಒಂದು ಐತಿಹಾಸಿಕ ಸಮೀಕ್ಷೆ

ರೋಗಗಳ ಇತಿಹಾಸವನ್ನು ಬರೆಯಹೊರಟವರು ಸಾಂಕ್ರಾಮಿಕ ರೋಗಗಳಿಂದ ಪ್ರಾರಂಭಿಸುವುದು ವಾಡಿಕೆ. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಸರ್ಕಾರದ ವರದಿಗಳು ಹುಟ್ಟಿದುವು, ಹೊಸ ಬಡಾವಣೆಗಳು ಹುಟ್ಟಿದುವು, ಪ್ಲೇಗಮ್ಮನ ಗುಡಿಗಳೂ ಹುಟ್ಟಿದುವು. ಹೀಗೆ ಆ ರೋಗವು ತನ್ನ ಹಿಂದೆ ದಾಖಲೆಗಳನ್ನು ಬಿಟ್ಟುಹೋಯಿತು. ರಕ್ತಸಂಬಂಧದ ಮೂಲಕ ಇಳಿದುಬರುವ ವಿರಳ ರೋಗಗಳ ಸಂಗತಿ ಬೇರೆ. ಅವು ಊರಿಗೆ ಬರುವುದಿಲ್ಲ, ಒಂದು ಮನೆಗೆ ಬರುತ್ತವೆ. ಹುಟ್ಟಿದಾಗ ಆರೋಗ್ಯವಾಗಿದ್ದ ಮಗು ಕೆಲವು ತಿಂಗಳಲ್ಲಿ ಕತ್ತು ನಿಲ್ಲಿಸಲಾರದೆ ಹೋಗುತ್ತದೆ. ನಡೆಯುತ್ತಿದ್ದ ಮಗು ಬೀಳತೊಡಗುತ್ತದೆ. ಮಾತು ಬಂದಿದ್ದ ಮಗು ಮಾತನ್ನು ಕಳೆದುಕೊಳ್ಳುತ್ತದೆ. ಮನೆಯವರು ಗ್ರಹಚಾರವೆಂದೋ ದೃಷ್ಟಿಯೆಂದೋ ಹೇಳಿಕೊಂಡು ಮಗುವನ್ನು ಮಣ್ಣು ಮಾಡುತ್ತಾರೆ. ಬಳಿಕ ಆ ವಿಷಯವನ್ನು ಎತ್ತುವುದಿಲ್ಲ. ಇತಿಹಾಸಕಾರನಿಗೆ ಇಲ್ಲಿ ಶಾಸನವೂ ಇಲ್ಲ, ಕಡತವೂ ಇಲ್ಲ.

ಇಂಥ ರೋಗಗಳಲ್ಲಿ ಕೆಲವಕ್ಕೆ, ಇನ್ನೊಬ್ಬರ ದೇಹದಿಂದ ತೆಗೆದ ಆರೋಗ್ಯವಂತ ಜೀವಕೋಶಗಳನ್ನು ರೋಗಿಯ ದೇಹದಲ್ಲಿ ನೆಲೆಗೊಳಿಸುವ ಚಿಕಿತ್ಸೆಯು ಕಳೆದ ನಾಲ್ಕು ದಶಕಗಳಲ್ಲಿ ಬೆಳೆದುಬಂದಿದೆ. ಆ ಚಿಕಿತ್ಸೆಯ ಇತಿಹಾಸವನ್ನೂ ನಮ್ಮ ನಾಡಿನಲ್ಲಿ ನಡೆದ ಆನುವಂಶಿಕ ಸಂಶೋಧನೆಯ ಇತಿಹಾಸವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಹಾಗೆ ನೋಡಿದಾಗ, ಚಿಕಿತ್ಸೆಯ ಫಲವನ್ನು ನಿರ್ಣಯಿಸುವ ಅಂಶ ಕೋಶಗಳ ಗುಣಕ್ಕಿಂತ ಹೆಚ್ಚಾಗಿ ಕಾಲವೇ ಎಂಬುದೂ, ಆ ಕಾಲವನ್ನು ಗಳಿಸಿಕೊಡುವುದು ಕುಟುಂಬದ ನೆನಪೇ ಎಂಬುದೂ ವ್ಯಕ್ತವಾಗುವುದೆಂದು ನಾವು ಭಾವಿಸುತ್ತೇವೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡುದಕ್ಕೆ ಕಾರಣವುಂಟು. ಇವು ಇಂದು ಒಂದೇ ಜಿಲ್ಲೆಗೆ ಸೇರಿದ್ದರೂ ಒಂದೇ ಬಗೆಯ ಸೀಮೆಗಳಲ್ಲ. ಸೂಳೆಕೆರೆಯ ನೀರನ್ನೂ ಅಡಕೆ ತೋಟಗಳನ್ನೂ ಕಂಡ ಚನ್ನಗಿರಿ ಒಂದು ಕಡೆ. ತುಂಗಭದ್ರೆಯ ದಡದ ಹೊನ್ನಾಳಿ, ಈಚೆಗೆ ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿ ಇನ್ನೊಂದು ಕಡೆ. ಮಳೆ ಕಡಿಮೆಯಾದ ಜಗಳೂರು ಮತ್ತೊಂದು ಕಡೆ. ೧೯೯೭ರ ಆಗಸ್ಟ್ ೧೫ರಂದು ದಾವಣಗೆರೆ ಜಿಲ್ಲೆ ರಚಿತವಾಗುವವರೆಗೆ ಮೊದಲಿನವು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದುವು. ಇಲ್ಲಿ ಇಂಥ ರೋಗಗಳು ಬೇರೆಡೆಗಿಂತ ಹೆಚ್ಚೆಂದು ನಾವು ಹೇಳುತ್ತಿಲ್ಲ. ಮಗುವಿನ ಕಾಯಿಲೆ ಜಟಿಲವಾದಾಗ ದಾವಣಗೆರೆಗೋ ಶಿವಮೊಗ್ಗಕ್ಕೋ, ಅಲ್ಲಿಂದ ಮುಂದೆ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಬೇಕಾದ ಕರ್ನಾಟಕದ ನೂರಾರು ಊರುಗಳಿಗೆ ಈ ತಾಲ್ಲೂಕುಗಳು ಪ್ರತಿನಿಧಿಗಳಾಗಿವೆ ಎಂಬುದಷ್ಟೇ ನಮ್ಮ ಅಭಿಪ್ರಾಯ.

ಮೊದಲು ರೋಗಗಳ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯೋಣ. ೧೯೧೬ರಲ್ಲಿ ಡೆನ್ಮಾರ್ಕಿನ ಕ್ನುಡ್ ಕ್ರಾಬೆ, ೧೯೧೭ರಲ್ಲಿ ಕೆನಡದಲ್ಲಿದ್ದ ಚಾರ್ಲ್ಸ್ ಹಂಟರ್, ೧೯೧೯ರಲ್ಲಿ ಜರ್ಮನಿಯ ಗರ್ಟ್ರೂಡ್ ಹರ್ಲರ್ ಎಂಬ ವೈದ್ಯೆ, ಇವರು ಮಕ್ಕಳಲ್ಲಿ ಕಂಡ ಕೆಲವು ವಿಚಿತ್ರ ವ್ಯಾಧಿಗಳನ್ನು ವರ್ಣಿಸಿದರು. ಅವು ಇಂದಿಗೂ ಅವರ ಹೆಸರುಗಳಿಂದಲೇ ಪ್ರಸಿದ್ಧವಾಗಿವೆ. ಕಾರಣವು ತಿಳಿದುಬಂದುದು ಬಹುಕಾಲದ ಮೇಲೆ. ೧೯೫೫ರಲ್ಲಿ ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ದ ದೂವ್ ಜೀವಕೋಶದೊಳಗಿನ ಲೈಸೊಸೋಮ್ ಎಂಬ ಚೀಲಗಳನ್ನು ಗುರುತಿಸಿದರು. ಹಳ್ಳಿಯ ತಿಪ್ಪೆಗುಂಡಿಯಲ್ಲಿ ಕಸ ಕೊಳೆತು ಗೊಬ್ಬರವಾಗುವಂತೆ, ಕೋಶದ ಸವೆದ ಪದಾರ್ಥಗಳು ಈ ಚೀಲಗಳಲ್ಲಿ ಕಿಣ್ವಗಳ ನೆರವಿನಿಂದ ಒಡೆದು ಮತ್ತೆ ಉಪಯೋಗಕ್ಕೆ ಬರುತ್ತವೆ. ಯಾವುದಾದರೊಂದು ಕಿಣ್ವವು ಹುಟ್ಟಿನಿಂದಲೇ ಇಲ್ಲದಿದ್ದರೆ ಆ ಪದಾರ್ಥ ಕೊಳೆಯದೆ ರಾಶಿಯಾಗುತ್ತದೆ. ಮೆದುಳಿನ ಕೋಶಗಳಲ್ಲಿ, ಇಲ್ಲವೆ ನರತಂತುಗಳನ್ನು ಸುತ್ತಿರುವ ಕೊಬ್ಬಿನ ಹೊದಿಕೆಯಲ್ಲಿ ಹೀಗಾದಾಗ, ಮಗು ಕಲಿತುದನ್ನೆಲ್ಲ ಒಂದೊಂದಾಗಿ ಕಳೆದುಕೊಳ್ಳುತ್ತದೆ.

ಇಂಥ ರೋಗಕ್ಕೆ ಚಿಕಿತ್ಸೆ ಸಾಧ್ಯವೆಂಬ ಆಶೆ ಹುಟ್ಟಿದ ವರ್ಷ ೧೯೬೮. ಅಮೆರಿಕದ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಅವರ ಸಂಗಡಿಗರು ಹರ್ಲರ್ ರೋಗಿಯ ಚರ್ಮದ ಕೋಶಗಳನ್ನೂ ಹಂಟರ್ ರೋಗಿಯ ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆಳೆಸಿದರು. ಎರಡು ಬಗೆಯ ಕೋಶಗಳಲ್ಲಿಯೂ ಇದ್ದ ದೋಷ ಸರಿಹೋಯಿತು. ಒಂದರಲ್ಲಿ ಇಲ್ಲದ ಕಿಣ್ವವನ್ನು ಇನ್ನೊಂದು ಹೊರಕ್ಕೆ ಸ್ರವಿಸುತ್ತಿತ್ತು, ಅದನ್ನು ನೆರೆಯ ಕೋಶ ಹೀರಿಕೊಳ್ಳುತ್ತಿತ್ತು. ಮನೆಯಲ್ಲಿ ಹೆಪ್ಪು ತೀರಿದಾಗ ನೆರೆಮನೆಯಿಂದ ಒಂದಿಷ್ಟು ತಂದು ಹಾಲಿಗೆ ಹಾಕುವಂತಹುದೇ ಈ ವ್ಯವಹಾರ. ಅದೇ ವರ್ಷ ಮಿನೆಸೋಟಾದಲ್ಲಿ ರಾಬರ್ಟ್ ಗುಡ್ ಮತ್ತು ಅವರ ಸಂಗಡಿಗರು, ರೋಗನಿರೋಧ ಶಕ್ತಿಯಿಲ್ಲದೆ ಹುಟ್ಟಿದ ಒಂದು ಶಿಶುವಿಗೆ ಅಕ್ಕನ ಎಲುಬಿನ ಮಜ್ಜೆಯನ್ನು ನೀಡಿ ಉಳಿಸಿದರು. ಈ ಎರಡು ಸಂಗತಿಗಳನ್ನು ಕೂಡಿಸಿದರೆ ಮುಂದಿನ ಹೆಜ್ಜೆ ತಾನಾಗಿ ತೋರುತ್ತದೆ: ಕಿಣ್ವವಿರುವ ಕೋಶಗಳನ್ನು ಮಜ್ಜೆಯ ಮೂಲಕ ದೇಹಕ್ಕೆ ಸೇರಿಸಿದರೆ, ಅವು ಬದುಕಿರುವವರೆಗೂ ಹೆಪ್ಪನ್ನು ಒದಗಿಸುತ್ತಿರಬೇಕಲ್ಲವೆ?

ಈ ಹೆಜ್ಜೆಯನ್ನಿಟ್ಟವರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯ ಜೆ. ಆರ್. ಹಾಬ್ಸ್ ಮತ್ತು ಅವರ ಸಹೋದ್ಯೋಗಿಗಳು. ೧೯೮೦ರಲ್ಲಿ ಅವರು ಹರ್ಲರ್ ರೋಗದ ಒಂದು ಶಿಶುವಿಗೆ ಅದರ ತಾಯಿಯ ಮಜ್ಜೆಯನ್ನು ನೀಡಿದರು. ಊದಿದ್ದ ಯಕೃತ್ತು ಇಳಿಯಿತು, ಮಬ್ಬಾಗಿದ್ದ ಕಣ್ಣು ತಿಳಿಯಾಯಿತು, ಬುದ್ಧಿಯ ಇಳಿತ ನಿಂತಿತು. ವರದಿ ೧೯೮೧ರಲ್ಲಿ ಪ್ರಕಟವಾಯಿತು. ಮೆದುಳಿಗೆ ಈ ನೆರವು ತಲಪಿದ ಬಗೆ ಗಮನಾರ್ಹವಾದುದು. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆ ಇದೆ. ಸೂಜಿಯ ಮೂಲಕ ರಕ್ತಕ್ಕೆ ಹಾಕಿದ ಕಿಣ್ವವನ್ನು ಅದು ಒಳಗೆ ಬಿಡುವುದಿಲ್ಲ. ಆದರೆ ಮಜ್ಜೆಯಲ್ಲಿ ಹುಟ್ಟಿದ ಕೆಲವು ಬಿಳಿಯ ಕೋಶಗಳು ಆ ತಡೆಯನ್ನು ದಾಟಿ ಮೆದುಳಿನಲ್ಲಿ ನೆಲೆಸಿ, ಅಲ್ಲಿಯ ಕಾವಲುಗಾರ ಕೋಶಗಳಾದ ಮೈಕ್ರೋಗ್ಲಿಯಾಗಳಂತೆ ವರ್ತಿಸುತ್ತವೆ.

ಆದರೆ ಈ ವಲಸೆ ನಿಧಾನವಾದುದು. ಮೊದಲು ರೋಗಿಯ ಹಳೆಯ ಮಜ್ಜೆಯನ್ನು ಕಠಿಣ ಔಷಧಗಳಿಂದ ತೆರವುಮಾಡಬೇಕು. ಹೊಸ ಮಜ್ಜೆ ಬೇರುಬಿಡಬೇಕು. ಅಲ್ಲಿಂದ ಕೋಶಗಳು ಮೆದುಳಿಗೆ ಸೇರಿ ಸಾಕಷ್ಟು ಹೆಚ್ಚಬೇಕು. ಇದಕ್ಕೆ ಹಲವು ತಿಂಗಳು, ಕೆಲವೊಮ್ಮೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರೊಳಗೆ ರೋಗವು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ನಾಶವಾದ ನರಕೋಶವಂತೂ ಮರಳುವುದಿಲ್ಲ. ಮಜ್ಜೆಯ ಚಿಕಿತ್ಸೆಯ ಇತಿಹಾಸದಲ್ಲಿ ಗೆಲವು ಸೋಲುಗಳನ್ನು ಬೇರ್ಪಡಿಸುವ ಗೆರೆ ಇದೇ. ೧೯೯೦ರಲ್ಲಿ ಫ್ರಾನ್ಸಿನ ಪಾಟ್ರಿಕ್ ಓಬೂರ್ಗ್ ಮತ್ತು ಅವರ ಸಂಗಡಿಗರು ಅಡ್ರೀನೊಲ್ಯೂಕೋಡಿಸ್ಟ್ರೊಫಿ ಎಂಬ ರೋಗದ ಆರಂಭದ ಲಕ್ಷಣಗಳು ಮಜ್ಜೆಯ ಚಿಕಿತ್ಸೆಯಿಂದ ಹಿಮ್ಮೆಟ್ಟಿದುದನ್ನು ವರದಿ ಮಾಡಿದರು. ರೋಗ ಮುಂದುವರಿದವರಲ್ಲಿ ಅದೇ ಚಿಕಿತ್ಸೆ ನಿಷ್ಫಲವೆಂದು ಮುಂದಿನ ಅನುಭವ ತೋರಿಸಿತು.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಲಂಡನ್ನಿನಲ್ಲಿ ಆ ಶಿಶುವಿಗೆ ಮಜ್ಜೆಯನ್ನು ನೀಡಿದ ೧೯೮೦ರಲ್ಲಿಯೇ ಬೆಂಗಳೂರಿನಲ್ಲಿ ಇನ್ನೊಂದು ಕಾರ್ಯ ಆರಂಭವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಅವರೊಡನೆ ರಾಧಾ ರಮಾದೇವಿ, ಎಚ್. ಎಸ್. ಸಾವಿತ್ರಿ ಮೊದಲಾದವರು ನವಜಾತ ಶಿಶುಗಳ ರಕ್ತದ ಹನಿಗಳನ್ನು ಸಂಗ್ರಹಿಸಿ, ಅಮೈನೊ ಆಮ್ಲಗಳ ಏರುಪೇರಿನಿಂದ ಬುದ್ಧಿಮಾಂದ್ಯವನ್ನುಂಟುಮಾಡುವ ಆನುವಂಶಿಕ ರೋಗಗಳನ್ನು ಹುಡುಕತೊಡಗಿದರು. ೧೯೮೮ರಲ್ಲಿ ಪ್ರಕಟವಾದ ಅವರ ವರದಿಯ ವೇಳೆಗೆ ಪರೀಕ್ಷೆಗೊಳಗಾದ ಶಿಶುಗಳ ಸಂಖ್ಯೆ ೧,೧೨,೨೬೯. ನಮ್ಮ ದೇಶದಲ್ಲಿ ಈ ಬಗೆಯ ಮೊದಲ ಮೊದಲ ಪ್ರಯತ್ನಗಳಲ್ಲಿ ಇದು ಒಂದು. ಪರೀಕ್ಷೆಯ ಜೊತೆಯಲ್ಲಿ ತಂದೆತಾಯಿಯರ ನೆಂಟಸ್ತಿಕೆಯನ್ನೂ ಬರೆದಿಡಲಾಗುತ್ತಿತ್ತು. ಬ್ರಿಟನ್ನಿನ ಆಲನ್ ಬಿಟ್ಲ್ಸ್ ಅವರ ಸಹಯೋಗದಿಂದ ಆ ಸಾಮಗ್ರಿಯನ್ನು ಪರಿಶೀಲಿಸಿದಾಗ, ೧೯೮೦ರಿಂದ ೧೯೮೯ರವರೆಗೆ ಬೆಂಗಳೂರು ಮೈಸೂರುಗಳಲ್ಲಿ ದಾಖಲಾದ ಒಂದು ಲಕ್ಷಕ್ಕೂ ಮೀರಿದ ವಿವಾಹಗಳಲ್ಲಿ ಸುಮಾರು ಮೂರರಲ್ಲಿ ಒಂದು ರಕ್ತಸಂಬಂಧಿಗಳ ನಡುವಿನದೆಂದು ಕಂಡುಬಂದಿತು.

ಹೀಗೆ ಒಂದೇ ವರ್ಷದಲ್ಲಿ ಎರಡು ಕಾರ್ಯಗಳು ತೊಡಗಿದುವು: ಒಂದೆಡೆ ಮಗುವನ್ನು ಉಳಿಸುವ ಉಪಾಯ, ಇನ್ನೊಂದೆಡೆ ಮಗುವನ್ನು ಸಕಾಲದಲ್ಲಿ ಗುರುತಿಸುವ ಉಪಾಯ. ಆದರೆ ಅವು ಕೂಡಿಬರಲಿಲ್ಲ. ಬೆಂಗಳೂರಿನ ಪರೀಕ್ಷೆ ಅಮೈನೊ ಆಮ್ಲಗಳನ್ನು ಕುರಿತದ್ದು. ಹರ್ಲರ್, ಕ್ರಾಬೆ ರೋಗಗಳನ್ನು ಅದು ತೋರಿಸಲಾರದು. ಅವನ್ನು ತಿಳಿಯಲು ಬೇರೆ ಕಿಣ್ವಪರೀಕ್ಷೆ ಬೇಕು. ಭಾರತದಲ್ಲಿ ಮಜ್ಜೆಯ ಕಸಿ ಮೊದಲಾದುದು ೧೯೮೩ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ; ವೆಲ್ಲೂರಿನಲ್ಲಿ ಅದು ತೊಡಗಿದುದು ೧೯೮೬ರಲ್ಲಿ. ನ್ಯೂಯಾರ್ಕ್ ರಾಜ್ಯವು ೨೦೦೬ರಲ್ಲಿ ಎಲ್ಲ ನವಜಾತ ಶಿಶುಗಳನ್ನೂ ಕ್ರಾಬೆ ರೋಗಕ್ಕಾಗಿ ಪರೀಕ್ಷಿಸಲು ಪ್ರಾರಂಭಿಸಿತು. ನಮ್ಮ ರಾಜ್ಯದಲ್ಲಿ ಈ ಬಗೆಯ ಸಾರ್ವತ್ರಿಕ ಪರೀಕ್ಷೆ ಇನ್ನೂ ರೂಢಿಗೆ ಬಂದಿಲ್ಲ.

ವಿವಾಹಪದ್ಧತಿಯ ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸುವುದು ಅವಶ್ಯಕ. ನಮ್ಮಲ್ಲಿ ಬೆಡಗು ಅಥವಾ ಗೋತ್ರ ಒಂದೇ ಆದರೆ ಹೆಣ್ಣು ತರುವುದಿಲ್ಲ. ಆದರೆ ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ತರುವುದು ಅನೇಕ ಕುಲಗಳಲ್ಲಿ ನಡೆದುಬಂದಿದೆ. ಬೆಡಗು ಎಣಿಸುವುದು ತಂದೆಯ ಸಾಲನ್ನು ಮಾತ್ರ. ದೇಹವಾದರೋ ತಂದೆತಾಯಿ ಇಬ್ಬರ ಸಾಲನ್ನೂ ಸಮನಾಗಿ ಎಣಿಸುತ್ತದೆ. ಮೇಲೆ ಹೇಳಿದ ರೋಗಗಳಲ್ಲಿ ಹೆಚ್ಚಿನವು, ದೋಷವುಳ್ಳ ಜೀನು ತಂದೆಯಿಂದಲೂ ತಾಯಿಯಿಂದಲೂ ಬಂದಾಗ ಮಾತ್ರ ಪ್ರಕಟವಾಗುವಂಥವು. ಒಂದು ಲಕ್ಷ ಶಿಶುಗಳಲ್ಲಿ ಒಂದಕ್ಕೆ ಬರುವ ರೋಗವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಲೆಕ್ಕ ಹಾಕಿದರೆ, ಸೋದರಮಾವನಿಗೂ ಅಕ್ಕನ ಮಗಳಿಗೂ ಹುಟ್ಟಿದ ಮಕ್ಕಳಲ್ಲಿ ಅದರ ಸಂಭವ ಸುಮಾರು ೨,೫೦೦ಕ್ಕೆ ಒಂದು. ಅತ್ತೆಯ ಮಗ, ಮಾವನ ಮಗಳು ಇವರ ಮಕ್ಕಳಲ್ಲಿ ಸುಮಾರು ೪,೮೦೦ಕ್ಕೆ ಒಂದು ಆಗುತ್ತದೆ. ಅಂದರೆ ಅಪಾಯ ಅನೇಕ ಪಾಲು ಹೆಚ್ಚುತ್ತದೆ. ಹಾಗಿದ್ದೂ ಬಹುತೇಕ ಮಕ್ಕಳು ಈ ರೋಗವಿಲ್ಲದೆಯೇ ಹುಟ್ಟುತ್ತಾರೆ. ಈ ಎರಡು ಮಾತುಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಹೇಳುವುದು ನ್ಯಾಯವಲ್ಲ.

ಈ ಪದ್ಧತಿಯನ್ನು ಅಜ್ಞಾನವೆಂದು ತಳ್ಳಿಹಾಕುವುದೂ ಸರಿಯಲ್ಲ. ಹೊಲ ಹಂಚಿಹೋಗದಂತೆ ಕಾಪಾಡುವುದು, ಹೆಣ್ಣುಮಗಳನ್ನು ತವರಿನ ಕಣ್ಣಳತೆಯಲ್ಲಿಯೇ ಇಟ್ಟುಕೊಳ್ಳುವುದು ಮುಂತಾದ ವಿವೇಕ ಅದರ ಹಿಂದೆ ಇದ್ದಿತು. ಈಗ ಅದು ಇಳಿಮುಖವಾಗಿದೆ. ಆದರೂ ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸುಮಾರು ನಾಲ್ವರು ವಿವಾಹಿತ ಸ್ತ್ರೀಯರಲ್ಲಿ ಒಬ್ಬರು ನೆಂಟರನ್ನೇ ಮದುವೆಯಾದವರು. ಎಲ್ಲ ರೋಗಗಳಿಗೂ ಈ ಪದ್ಧತಿ ಕಾರಣವಲ್ಲವೆಂಬುದನ್ನೂ ನೆನೆಯಬೇಕು. ಅಡ್ರೀನೊಲ್ಯೂಕೋಡಿಸ್ಟ್ರೊಫಿ ಸಾಮಾನ್ಯವಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಇಳಿಯುತ್ತದೆ. ಅಲ್ಲಿ ದಂಪತಿಗಳು ನೆಂಟರಾಗಿರಬೇಕಾಗಿಲ್ಲ. ಇನ್ನೊಂದು ಸಂಗತಿಯೂ ಉಂಟು. ಮಜ್ಜೆಯನ್ನು ಕೊಡುವವರ ಅಂಗಾಂಶದ ಗುರುತುಗಳು ರೋಗಿಯವುಗಳಿಗೆ ಹೊಂದಬೇಕು. ಒಡಹುಟ್ಟಿದವರಲ್ಲಿ ಅದು ನಾಲ್ಕರಲ್ಲಿ ಒಂದು ಪಾಲು ಸಂಭವ. ನೆಂಟರೊಳಗಿನ ವಿವಾಹದ ಮನೆಗಳಲ್ಲಿ ತಂದೆತಾಯಿ ಮೊದಲಾದವರೂ ಹೊಂದುವ ಸಂಭವ ಹೆಚ್ಚು. ರೋಗವನ್ನು ತಂದ ನೆಂಟಸ್ತಿಕೆಯೇ ಕೆಲವೊಮ್ಮೆ ಔಷಧವನ್ನೂ ತರುತ್ತದೆ. ಆದರೆ ಕೊಡುವವರು ದೋಷವನ್ನು ಹೊತ್ತವರೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಏಕೆಂದರೆ ಅಂಥವರ ಕೋಶಗಳಲ್ಲಿ ಕಿಣ್ವದ ಪ್ರಮಾಣ ಕಡಿಮೆ.

ಕಾಲದ ಮಾತಿಗೆ ಮರಳೋಣ. ೨೦೦೫ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ವೈದ್ಯರು ಕ್ರಾಬೆ ರೋಗದ ಮಕ್ಕಳಿಗೆ ಹೊಕ್ಕುಳಬಳ್ಳಿಯ ರಕ್ತದ ಕೋಶಗಳನ್ನು ನೀಡಿದ ಪರಿಣಾಮವನ್ನು ಪ್ರಕಟಿಸಿದರು. ಲಕ್ಷಣಗಳು ತೋರುವ ಮೊದಲೇ, ಹುಟ್ಟಿದ ಕೆಲವೇ ವಾರಗಳಲ್ಲಿ, ಚಿಕಿತ್ಸೆ ಪಡೆದ ೧೧ ಶಿಶುಗಳೂ ಉಳಿದುವು. ಮುಂದೆ ಅವುಗಳಲ್ಲಿ ಕೆಲವಕ್ಕೆ ನಡಿಗೆಯ ತೊಂದರೆ ಕಂಡುಬಂದರೂ ಬುದ್ಧಿಯ ಬೆಳವಣಿಗೆ ಬಹುಮಟ್ಟಿಗೆ ಸಾಗಿತು. ಲಕ್ಷಣಗಳು ತೋರಿದ ಮೇಲೆ ಚಿಕಿತ್ಸೆ ಪಡೆದ ೧೪ ಶಿಶುಗಳಲ್ಲಿ ಉಳಿದುವು ೬. ಅವುಗಳ ಮೆದುಳಿಗೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ರೋಗ ಒಂದೇ, ಕೋಶಗಳೂ ಒಂದೇ ಬಗೆಯವು, ಭೇದವಿದ್ದುದು ಕಾಲದಲ್ಲಿ. ಆ ೧೧ ಶಿಶುಗಳ ರೋಗ ಅಷ್ಟು ಬೇಗ ತಿಳಿದುಬಂದುದಾದರೂ ಹೇಗೆ? ಅವುಗಳ ಕುಟುಂಬದಲ್ಲಿ ಹಿಂದೆ ಆ ರೋಗವನ್ನು ಕಂಡಿದ್ದರು. ೨೦೧೩ರಲ್ಲಿ ಇಟಲಿಯ ಮಿಲಾನಿನಿಂದ ವರದಿಯಾದ ಇನ್ನೊಂದು ಚಿಕಿತ್ಸೆಯ ಕಥೆಯೂ ಇಂಥದೇ. ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರೊಫಿಯ ಮೂರು ಮಕ್ಕಳ ಮಜ್ಜೆಯ ಕೋಶಗಳನ್ನೇ ಹೊರತೆಗೆದು, ಅವುಗಳಿಗೆ ಸರಿಯಾದ ಜೀನನ್ನು ಸೇರಿಸಿ ಮರಳಿ ನೀಡಲಾಯಿತು; ಲಕ್ಷಣ ತೋರುವ ಮೊದಲೇ ಅವರ ರೋಗ ತಿಳಿದುದು ಮನೆಯ ಹಿರಿಯ ಮಗುವಿಗೆ ಅದು ಬಂದಿದ್ದುದರಿಂದ. ಉಳಿದ ಮಗುವಿನ ಹಿಂದೆ ಹೀಗೆ ಬಹುಮಟ್ಟಿಗೆ ಉಳಿಯದ ಒಂದು ಮಗು ಇರುತ್ತದೆ. ಮೊದಲ ಮಗುವಿನ ರೋಗದ ಹೆಸರು ಗೊತ್ತಾಗದಿದ್ದರೆ, ಎರಡನೆಯ ಮಗುವಿಗೆ ಗರ್ಭದಲ್ಲಿ ಪರೀಕ್ಷೆಯೂ ಇಲ್ಲ, ಹುಟ್ಟಿದ ಮೇಲೆ ಚಿಕಿತ್ಸೆಯೂ ಇಲ್ಲ.

ಮಜ್ಜೆಯ ದಾರಿಯನ್ನು ಬಿಟ್ಟು ನೇರವಾಗಿ ಮೆದುಳಿಗೇ ಕೋಶಗಳನ್ನು ಸೇರಿಸುವ ಪ್ರಯತ್ನಗಳೂ ನಡೆದಿವೆ. ೨೦೦೬ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಬ್ಯಾಟನ್ ರೋಗದ ಮಕ್ಕಳ ಮೆದುಳಿಗೆ ನರಮೂಲದ ಆಕರಕೋಶಗಳನ್ನು ಹಾಕುವ ಪ್ರಯೋಗ ಪ್ರಾರಂಭವಾಯಿತು. ಆರು ಮಕ್ಕಳು ಅದರಲ್ಲಿ ಸೇರಿದರು. ಕ್ರಮವನ್ನು ಅವರ ದೇಹಗಳು ತಾಳಿಕೊಂಡುವು, ಆದರೆ ಅದು ಚಿಕಿತ್ಸೆಯಾಗಿ ನೆಲೆಗೊಳ್ಳಲಿಲ್ಲ. ೨೦೨೫ರಲ್ಲಿ ಚೀನಾದ ಸಂಶೋಧಕರು, ಮೈಕ್ರೋಗ್ಲಿಯಾ ಕೋಶಗಳ ದೋಷದಿಂದಲೇ ಉಂಟಾಗುವ ಒಂದು ಆನುವಂಶಿಕ ರೋಗದಲ್ಲಿ ಎಂಟು ಮಂದಿಗೆ ಮಜ್ಜೆಯ ಕಸಿಯಿಂದ ಆ ಕೋಶಗಳನ್ನು ಬದಲಿಸಿ, ಎರಡು ವರ್ಷ ರೋಗ ಮುಂದುವರಿಯದೆ ನಿಂತುದನ್ನು ತಿಳಿಸಿದರು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ವಿಜ್ಞಾನಿಗಳು ಸ್ಯಾಂಡ್‌ಹಾಫ್ ರೋಗದ ಇಲಿಗಳಲ್ಲಿ, ಹೊಂದಿಕೆಯಿಲ್ಲದ ದಾನಿಯ ಕೋಶಗಳಿಂದಲೂ ಮೆದುಳಿನ ಮೈಕ್ರೋಗ್ಲಿಯಾಗಳನ್ನು ಬದಲಿಸಬಹುದೆಂದು ತೋರಿಸಿದರು. ಇದು ಇಲಿಗಳ ಮೇಲಿನ ಪ್ರಯೋಗವೆಂಬುದನ್ನು ಮರೆಯಬಾರದು. ಇಂಥ ಸುದ್ದಿಗಳ ಬೆನ್ನಹಿಂದೆಯೇ ಸುಳ್ಳು ಭರವಸೆಯ ವ್ಯಾಪಾರವೂ ಬರುತ್ತದೆ. ಅಂಗೀಕೃತವಾದ ಕೆಲವು ರೋಗಗಳಲ್ಲಿ ನೀಡುವ ಮಜ್ಜೆಯ ಕಸಿಯನ್ನು ಬಿಟ್ಟರೆ, ಆಕರಕೋಶಗಳನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ಚಿಕಿತ್ಸೆಯೆಂದು ನೀಡತಕ್ಕದ್ದಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೧೭ರ ಮಾರ್ಗಸೂಚಿ ಸ್ಪಷ್ಟಪಡಿಸಿದೆ. ಹೊಲವನ್ನು ಅಡವಿಡುವ ಮುನ್ನ ತಂದೆತಾಯಿಯರು ತಿಳಿದಿರಬೇಕಾದ ಮಾತಿದು.

ವೆಚ್ಚದ ಪ್ರಶ್ನೆ ಸಣ್ಣದಲ್ಲ. ಮಿಲಾನಿನ ಚಿಕಿತ್ಸೆಗೆ ೨೦೨೪ರಲ್ಲಿ ಅಮೆರಿಕದಲ್ಲಿ ನಿಗದಿಯಾದ ಬೆಲೆ ೪೨.೫ ಲಕ್ಷ ಡಾಲರು, ಎಂದರೆ ಸುಮಾರು ೩೫ ಕೋಟಿ ರೂಪಾಯಿ. ಮಜ್ಜೆಯ ಕಸಿಗೆ ಇದರ ಅತ್ಯಲ್ಪ ಭಾಗ ಸಾಕು. ಅದೂ ರೈತನ ಕೈಗೆ ಎಟಕುವುದಲ್ಲ. ೨೦೨೧ರ ರಾಷ್ಟ್ರೀಯ ವಿರಳ ರೋಗಗಳ ನೀತಿಯು ಒಮ್ಮೆ ಮಾಡಿ ಗುಣಪಡಿಸಬಹುದಾದ ಚಿಕಿತ್ಸೆಗಳ ವರ್ಗದಲ್ಲಿ ಮಜ್ಜೆಯ ಕಸಿಯನ್ನು ಸೇರಿಸಿತು. ೨೦೨೨ರಲ್ಲಿ ನೆರವಿನ ಮಿತಿಯನ್ನು ೫೦ ಲಕ್ಷ ರೂಪಾಯಿಗೆ ಏರಿಸಲಾಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಮಾನವ ಆನುವಂಶಿಕ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಕೂಡಿ ಇದಕ್ಕೆ ಗೊತ್ತಾದ ಕೇಂದ್ರವಾಗಿವೆ. ಆ ನೀತಿಯ ಪಟ್ಟಿಯಲ್ಲಿಯೇ ಕಾಲದ ಷರತ್ತು ಬರೆದಿದೆ: ಹರ್ಲರ್ ರೋಗದ ತೀವ್ರರೂಪಕ್ಕೆ ಮೊದಲ ಎರಡು ವರ್ಷದೊಳಗೆ, ಅಡ್ರೀನೊಲ್ಯೂಕೋಡಿಸ್ಟ್ರೊಫಿಗೆ ನರಗಳ ಪ್ರಬಲ ಲಕ್ಷಣಗಳು ತೋರುವ ಮೊದಲು. ಜಗಳೂರಿನ ಹಳ್ಳಿಯೊಂದರಿಂದ ಹೊರಟ ತಾಯಿ ದಾವಣಗೆರೆಯನ್ನು ಮುಟ್ಟಿ, ಅಲ್ಲಿಂದ ಸುಮಾರು ೨೬೦ ಕಿಲೋಮೀಟರು ದೂರದ ಬೆಂಗಳೂರನ್ನು ಸೇರಿ, ಪರೀಕ್ಷೆಯ ಫಲಕ್ಕಾಗಿ ಕಾದು ಮುಗಿಸುವಷ್ಟರಲ್ಲಿ ಆ ಎರಡು ವರ್ಷ ಕಳೆದಿರಬಹುದು. ಹಣವಿದ್ದೂ ಆಗ ಪ್ರಯೋಜನವಿಲ್ಲ.

ಇಲ್ಲಿ ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆಯೆಂದು ನಮಗೆ ತೋರುತ್ತದೆ. ವಂಶಾವಳಿಯನ್ನು ಬರೆದಿಡುವುದು ನಮ್ಮ ನಾಡಿಗೆ ಹೊಸತಲ್ಲ. ಹೆಳವರು ಮನೆಮನೆಗೆ ಬಂದು ಹಿರಿಯರ ಹೆಸರುಗಳನ್ನು ಪೀಳಿಗೆಗಳುದ್ದಕ್ಕೂ ಹೇಳುತ್ತಿದ್ದರು. ಇಂದು ಹೊಲದ ಪಾಲಿಗಾಗಿ ನಾಡಕಚೇರಿಯಿಂದ ವಂಶವೃಕ್ಷದ ಪ್ರಮಾಣಪತ್ರವನ್ನು ಪಡೆಯುತ್ತೇವೆ. ಆದರೆ ಈ ಎರಡರ ಲಕ್ಷ್ಯವೂ ಮುಖ್ಯವಾಗಿ ಹೆಸರು ಮತ್ತು ಹಕ್ಕು ಉಳಿದವರ ಮೇಲೆ. ಹೆಸರಿಡುವ ಮೊದಲೇ, ಅಥವಾ ಹೆಸರಿಟ್ಟ ಕೆಲವೇ ತಿಂಗಳಲ್ಲಿ ತೀರಿಕೊಂಡ ಮಕ್ಕಳು ಅಲ್ಲಿ ಬರುವುದು ಅಪೂರ್ವ. ವೈದ್ಯರಿಗೆ ಬೇಕಾದ ವಂಶಾವಳಿಯಲ್ಲಿ ಅವರೇ ಮುಖ್ಯರು.

ಆ ಮಕ್ಕಳ ನೆನಪು ಉಳಿದಿರುವುದು ಮನೆಯ ಅಜ್ಜಿಯರಲ್ಲಿ. ಯಾವ ಸೊಸೆಯ ಎಷ್ಟನೆಯ ಮಗು, ಎಷ್ಟು ತಿಂಗಳಿಗೆ ಮಂಕಾಯಿತು, ಅದಕ್ಕೆ ಹಿಂದೆ ಯಾರ ಮಗು ಹಾಗೆಯೇ ಹೋಯಿತು ಎಂಬುದನ್ನು ಅವರು ಬಲ್ಲರು. ತಮ್ಮ ತಮ್ಮ ಮನೆಯ ಮೂರು ತಲೆಮಾರಿನ ವಂಶಾವಳಿಯನ್ನು, ಹೆಣ್ಣಿನ ಸಾಲನ್ನೂ ಬಿಡದೆ, ಉಳಿಯದ ಮಕ್ಕಳನ್ನೂ ಬಿಡದೆ ಬರೆದಿಡುವುದನ್ನು ವಿದ್ಯಾರ್ಥಿಗಳು ಕಲಿತರೆ, ಮುಂದೆ ಅವರ ಮನೆಗೆ ಮಗು ಬರುವಾಗ ಆ ಒಂದು ಹಾಳೆ ವೈದ್ಯರಿಗೆ ಹಲವು ತಿಂಗಳನ್ನು ಉಳಿಸಿಕೊಡಬಹುದು. ಆ ಹಾಳೆ ಮನೆಯ ಸ್ವತ್ತು. ಅದನ್ನು ಊರಿನ ಮಾತಾಗಿಸತಕ್ಕದ್ದಲ್ಲ. ಅದರಿಂದ ಒಬ್ಬ ಹೆಣ್ಣುಮಗಳ ಸಂಬಂಧ ತಪ್ಪಿಹೋಗುವಂತಾದರೆ ಯಾವ ಅಜ್ಜಿಯೂ ಇನ್ನೊಮ್ಮೆ ಬಾಯಿಬಿಡಲಾರಳು. ೧೯೮೦ರಲ್ಲಿ ಕೂಡದೆ ಉಳಿದ ಆ ಎರಡು ಇತಿಹಾಸಗಳು ಚನ್ನಗಿರಿಯ, ಹೊನ್ನಾಳಿಯ, ನ್ಯಾಮತಿಯ, ಜಗಳೂರಿನ ಒಂದು ಮನೆಯಲ್ಲಿ ಕೂಡಬೇಕಾದರೆ, ಆ ಮನೆಯಲ್ಲಿ ಹಿಂದೆ ತೀರಿಕೊಂಡ ಮಗುವಿನ ವಿಷಯವನ್ನು ಯಾರಾದರೂ ಕೇಳಿ ಬರೆದುಕೊಂಡಿರಬೇಕು.